ಅಕ್ಕ ಬೈದಳು

ಮಾರ್ಚ್ ೧೪, ಗುರುವಾರ

ಅಕ್ಕನ ಬೈಗುಳ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ.

ನನಗೆ ಹೆಪಟೈಟಿಸ್ ಸಿ ಎಂದು ಗೊತ್ತಾದಾಗಿನಿಂದ ಅವಳು ಗದರಿದ್ದೇ ಇರಲಿಲ್ಲ. ನಮ್ಮ ಹೊಲಿಗೆ ಅಂಗಡಿಯಲ್ಲಿ ನಾನು ತೂಕಡಿಸಿದರೂ, ಬಟ್ಟೆ ಕೆಡಿಸಿದರೂ "ಹೋಗ್ಲಿ ಬಿಡೇ, ಮಲ್ಕೋ" ಎನ್ನುತ್ತಿದ್ದಳು. ಆ ಮೆತ್ತನೆಯ ದನಿ ಕೇಳಿದಾಗಲೆಲ್ಲ ನನ್ನ ಕಥೆ ಮುಗಿಯಿತೇನೋ ಅನ್ನಿಸುತ್ತಿತ್ತು. ಮಾತ್ರೆಗಳೆಲ್ಲ ಮುಗಿದು, ರಕ್ತದಲ್ಲಿ ವೈರಸ್ ಇಲ್ಲವೆಂದು ಹೋದ ವಾರ ಡಾಕ್ಟರು ಹೇಳಿದ ಮೇಲೂ ಅದೇ ದನಿ.

ಇವತ್ತು ಗಿರಾಕಿಯ ಹೊಸ ಕೋಟಿಗೆ ಎರಡೂ ಕಡೆ ಎಡಗೈಯ ತೋಳನ್ನೇ ಹೊಲಿದುಬಿಟ್ಟೆ.

"ಕಣ್ಣು ಎಲ್ಲಿಟ್ಟಿದ್ಯೇ? ಅವ್ರಿಗೇನು ಎರಡೂ ಎಡಗೈನಾ?" ಎಂದು ಅಕ್ಕ ಕಿರುಚಿದಳು. ತಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ, ಸುಸ್ತಾಗಿತ್ತೇನೋ ನಿಂಗೆ" ಎಂದಳು.

"ಸುಸ್ತೂ ಇಲ್ಲ, ಮಣ್ಣೂ ಇಲ್ಲ! ರೇಡಿಯೋ ಕೇಳ್ತಾ ಮೈಮರೆತೆ. ಬೈಯೇ ಅಕ್ಕಾ, ಬೈ!"

ಅವಳು ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ ಬೈದಳು. ನಾನೂ ಬಿಡಲಿಲ್ಲ. ಪಕ್ಕದ ಗಡಿಯಾರ ರಿಪೇರಿಯವನು ಜಗಳ ಬಿಡಿಸಲು ಓಡಿಬಂದಾಗ ನಾವಿಬ್ಬರೂ ಮೇಜಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಕ್ಕನ ಕಣ್ಣಲ್ಲಿ ನೀರು.

ಬಲತೋಳನ್ನು ಹೊಸದಾಗಿ ಕತ್ತರಿಸಿ ಹೊಲಿದದ್ದೂ ನಾನೇ. "ನಾಳೆ ಬೇಗ ಬಾರೇ, ಸೋಮಾರಿ" ಎಂದಳು ಹೊರಡುವಾಗ. ಸೋಮಾರಿಯಂತೆ, ನಾನು!

ಕಣ್ಣು ಎಳೆಯುತ್ತಿದೆ. ಕಾಯಿಲೆಯ ಆಯಾಸವಲ್ಲ ಇದು. ಮೈಮುರಿದು ದುಡಿದವಳಿಗೆ ಬರುವ, ಬರೀ ನಿದ್ದೆ…