ಎರಡು ಸಲ ಹತ್ತಿದ ಹರಕೆ

ಅಜ್ಜೀ, ನಿನ್ನ ಹರಕೆ ತೀರಿತು! ನನ್ನ ಮದುವೆಯಾದರೆ ಮಾತೆ ಮರಿಯಮ್ಮನ ಚರ್ಚಿನ ತೊಂಬತ್ತು ಮೆಟ್ಟಿಲನ್ನು ಮೊಣಕಾಲೂರಿ ಹತ್ತುತ್ತೇನೆ ಎಂದು ಹೊತ್ತಿದ್ದೆಯಲ್ಲ, ನಿನ್ನ ಬದಲು ಹತ್ತಿದ್ದು ಇವರು, ದೇವರ ಭಯವಿಲ್ಲದವನೆಂದು ಮದುವೆಯಲ್ಲಿ ನೀನು ಮಾತೇ ಆಡಿಸದ ನನ್ನ ಗಂಡ. ತುದಿ ಮುಟ್ಟಿದಾಗ ಗಂಟೆ ಬಾರಿಸುವ ಮುದುಕರು, "ಅಯ್ಯೋ ಪುಣ್ಯಾತ್ಮ, ಇದು ಇಳಿಯೋ ದಾರಿ. ಹರಕೆ ಮೆಟ್ಟಿಲು ಆ ಕಡೆ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಇವರು ಮಾತ್ರ, "ಅಜ್ಜಿ ಹರಕೆ ಅರೆಬರೆ ಆಗಬಾರದು," ಎಂದು ಕೆಳಗಿಳಿದು ಮತ್ತೆ ಮೊದಲಿನಿಂದ ಹತ್ತಿದರು. ಈಗ ಎರಡೂ ಮೊಣಕಾಲು ಊದಿ ಕುಂಬಳಕಾಯಿಯಾಗಿವೆ. ನಿನ್ನ ಮೊಣಕಾಲು ನೋವಿನ ಎಣ್ಣೆಯಲ್ಲಿ ಇವರಿಗೂ ಸ್ವಲ್ಪ ಉಳಿಸು, ನೀನೇ ಕರೆದು ಕೊಡು. ಕಾರ್ಡಿನಲ್ಲಿ ಜಾಗ ಮುಗಿಯಿತು. ಶನಿವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಇಬ್ಬರೂ ಬರುತ್ತೇವೆ.