ಅಜ್ಜಿ ಸುಮ್ಮನಾದ ಪುಟ

ಗೆಳತಿ,

ಇದನ್ನು ನಿನಗೆ ಕಳಿಸೋದಿಲ್ಲ. ಪುಸ್ತಕ ಬಂದ ವರ್ಷವೇ ನೀನು ನನ್ನ ಪತ್ರ ಒಡೆಯೋದು ಬಿಟ್ಟೆಯಲ್ಲ.

ಇವತ್ತು ಆ ಪುಸ್ತಕಕ್ಕೇ ರಾಷ್ಟ್ರೀಯ ವಿದ್ವಾಂಸರ ಪ್ರಶಸ್ತಿ ಕೊಟ್ಟರು ಕಣೇ, ನಾವಿಬ್ಬರೂ ಅಲೆದು ಸೂಲಗಿತ್ತಿಯರನ್ನು ಮಾತಾಡಿಸಿದ ಪುಸ್ತಕಕ್ಕೆ. ಸಭಾಂಗಣದ ತುಂಬ ಹಾಲಿನಂಥ ಬೆಳಕು. ನನ್ನ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಅಧ್ಯಕ್ಷರು ಒಂದು ಪುಟ ಓದಿದರು: ಸತ್ತ ಮಗುವಿನ ಮಾತೆತ್ತಿ ಸೂಲಗಿತ್ತಿ ಅಜ್ಜಿಯೊಬ್ಬಳು ಸುಮ್ಮನಾದಾಗ, ನಾನು ಟೇಪ್ ನಿಲ್ಲಿಸಿ, ಅವಳ ಜೊತೆ ಬಟಾಣಿ ಬಿಡಿಸುತ್ತಾ ಕೂತೆ ಅಂತ. “ಸಂಶೋಧನೆ ಅಂದರೆ ಇದು” ಅಂದರು. ಚಪ್ಪಾಳೆ ದೂರದ ನೀರಿನ ಹಾಗೆ ಕೇಳಿಸಿತು. ನಾನು ತಲೆಬಾಗಿ ನಿಂತೆ.

ಮನೆಗೆ ಬಂದು, ಇಪ್ಪತ್ತು ವರ್ಷದ ಮೇಲೆ ಆ ಟೇಪ್ ಹಾಕಿದೆ. ಅಜ್ಜಿ ಸುಮ್ಮನಾಗುತ್ತಾಳೆ.

“ಇನ್ನೊಂದೇ ಒಂದು ಪ್ರಶ್ನೆ ಅಜ್ಜಿ” ಅನ್ನುತ್ತೇನೆ ನಾನು.

“ಸಾಕು ಬಿಡೇ” ಅನ್ನುತ್ತೀಯ ನೀನು.

ಆಮೇಲೆ ನೀನು ಟೇಪ್ ನಿಲ್ಲಿಸಿದ ಟಕ್ ಅನ್ನೋ ಸದ್ದು.