ಎದುರುಕುರ್ಚಿಯಲ್ಲಿ ಕೂತು ತಲೆಯಾಡಿಸಿದ್ದು

ಕಡಲತೀರದ ಊರುಗಳನ್ನು ಖಾಲಿ ಮಾಡತೊಡಗಿದ ಹನ್ನೊಂದನೇ ವರ್ಷ, ಮಾಘದ ಕೊನೆ
(ನಿಮ್ಮ ಲೆಕ್ಕಕ್ಕೆ 2168)
ಅಂಕೋಲೆಯ ಮೇಲಿನ ದಂಡೆ

ನೂರೈವತ್ತು ವರ್ಷ ಹಿಂದಿನವರಿಗೆ,

ಎರಡು ವರ್ಷದ ಹಿಂದೆ ಒಂದು ವಿಚಾರಣೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹೇಳಿದ ಮಾತನ್ನು ನಾನು ನೋಡಲಿಲ್ಲ. ನೋಡದೆಯೇ ಅವರ ಪರವಾಗಿ ಬೇರೆ ಮಾತು ಹೇಳಿದೆ. ಇದನ್ನು ಬಹಳ ದಿನ ಮುಚ್ಚಿಟ್ಟಿದ್ದೆ. ನನ್ನ ಕೆಲವು ಪದಗಳು ನಿಮಗೆ ಒರಟಾಗಿ ಕಾಣಬಹುದು, ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಒಂದು ಕಡೆ ಕೂರಲು ಆಗದೆ ಬಿಟ್ಟದ್ದು, ಬೇರೆ ಕಾರಣವಿಲ್ಲ.

ಕಡಲು ನುಂಗಿದ ಊರುಗಳವರನ್ನು ಯಾವ ಗುಡ್ಡಕ್ಕೆ ಕಳಿಸಬೇಕೆಂದು ತೀರ್ಮಾನಿಸುವುದು ನಮ್ಮಲ್ಲಿ ವಸತಿ ವಿಚಾರಣೆ. ಪೇಟೆಯ ಮಾತಿಗೆ ಎಲ್ಲರ ಕಿವಿಯಲ್ಲೂ ಮಣಿ ಇದೆ, ಯಾವ ಭಾಷೆಯನ್ನಾದರೂ ಅದೇ ತಿರುಗಿಸಿ ಹೇಳುತ್ತದೆ. ಆದರೆ ಮಣಿ ಪ್ರಮಾಣ ಮಾಡಲಾರದು. ಆದ್ದರಿಂದ ವಿಚಾರಣೆಗೆ ಮನುಷ್ಯರೇ ದುಭಾಷಿಗಳಾಗಬೇಕು. ಮೊದಲ ಮೂರು ವರ್ಷ ನಾನು ಬಾಯಿಮಾತಿನ ದುಭಾಷಿ, ಕೊಂಕಣಿಯಿಂದ ಕನ್ನಡಕ್ಕೆ. ಸಭೆಯ ಹಿಂದೆ ಒಂದು ಗಾಜಿನ ಡಬ್ಬಿ, ಅದರೊಳಗೆ ನಾನು, ಬಾಯಲ್ಲಿ ಶುಂಠಿ ಚೂರು. ಗಂಟಲು ಹರಿದುಹೋಗುವಷ್ಟು ದಣಿವು. ಆದರೆ ಅಲ್ಲಿ ಒಂದು ಸುಖವಿತ್ತು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಕಷ್ಟದ ಪದ ಬಂದರೆ ಕಣ್ಣು ಮುಚ್ಚಿ ಹುಡುಕುತ್ತಿದ್ದೆ, ಮಾತು ಕಿವಿಗೆ ಬೀಳುತ್ತಲೇ ಇರುತ್ತಿತ್ತು. ಅರ್ಜಿದಾರರು ಎದ್ದು ಹೋದರೆ ಮತ್ತೆ ಅವರನ್ನು ಕಾಣುವ ಪ್ರಸಂಗವೇ ಇಲ್ಲ.

ಆಮೇಲೆ ಕೈಮಾತಿಗೆ ಬಂದೆ. ನೀವು ಸನ್ನೆ ಭಾಷೆ ಅನ್ನುತ್ತಿದ್ದಿರಂತೆ. ಚಿಕ್ಕವಳಿದ್ದಾಗ ಮೀನು ಒಣಗಿಸುವ ಬಯಲಿನಲ್ಲಿ ಕಿವುಡ ಹೆಂಗಸರ ಜೊತೆ ಅಲೆದು ಕಲಿತದ್ದು. ಅದೇ ಕೆಲಸ, ಭಾಷೆ ಬೇರೆ ಎಂದುಕೊಂಡಿದ್ದೆ. ಅಲ್ಲ. ಇಲ್ಲಿ ಕೈ ಸ್ಪಷ್ಟವಾಗಿ ಕಾಣಬೇಕು, ಬಳೆ ಹಾಕುವಂತಿಲ್ಲ, ಹೂವಿನ ಅಂಗಿ ತೊಡುವಂತಿಲ್ಲ, ಎಲ್ಲರ ಮುಂದೆ ನಿಲ್ಲಬೇಕು. ಸಂಜೆಗೆ ಭುಜ ಎತ್ತಲಾಗುವುದಿಲ್ಲ, ಬಿಸಿನೀರಿನ ಚೀಲ ಒತ್ತಿಕೊಂಡು ಮಲಗುತ್ತೇನೆ. ಕಿವುಡರು ಇಲ್ಲಿ ಕೆಲವೇ ಮಂದಿ. ವಿಚಾರಣೆಯಲ್ಲಿ ಯಾರಿಗೆ ದುಭಾಷಿಯಾಗಿ ನಿಂತೆನೋ ಅವರಿಗೇ ಮರುವಾರ ಆಸ್ಪತ್ರೆಯಲ್ಲೂ ನಿಲ್ಲಬೇಕು, ಅವರ ಮೊಮ್ಮಗಳ ಮದುವೆ ಮಾತುಕತೆಯಲ್ಲೂ ನಿಲ್ಲಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಜೊತೆಗಾರರು ಕೈ ಬದಲಿಸುತ್ತಾರೆ. ಬಿಡುವಿನಲ್ಲಿರುವವರು ಎದುರುಕುರ್ಚಿಯಲ್ಲಿ ಕೂತು, ಹೇಳಿದ್ದು ಸರಿಯಾಗಿದ್ದರೆ ತಲೆಯಾಡಿಸಬೇಕು. ನನ್ನ ಜೊತೆಗಾರ್ತಿ ಯಮುನಕ್ಕ ಮೊದಲ ವಾರವೇ ನನ್ನನ್ನು ಹಿಡಿದಿದ್ದಳು: "ಆ ಡಬ್ಬಿ ಚಟ ಬಿಡು ಮಾರಾಯ್ತಿ. ಇಲ್ಲಿ ಕಣ್ಣು ಮುಚ್ಚಿದ್ರೆ ಊಟಕ್ಕೆ ಬಿಟ್ರು ಅಂದ್ಕಂಡು ಎದ್ದು ಹೋಗ್ತ್ರು."

ಮೊದಲಿಗೆ ಹೇಳಿದ ಆ ವಯಸ್ಸಾದ ಹೆಂಗಸು ದೇವಕಜ್ಜಿ, ಕಿವುಡರು. ಅವರ ವಿಚಾರಣೆಯ ದಿನ ಯಮುನಕ್ಕನಿಗೆ ಜ್ವರ. ಐವತ್ತು ನಿಮಿಷ ನಾನೊಬ್ಬಳೇ ನಿಂತೆ. ಕೊನೆಗೆ ಅಧಿಕಾರಿ ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅಜ್ಜಿ ಎಡಕಿವಿಯ ಹಾಲೆ ಚಿವುಟಿ ಮಾತು ಶುರು ಮಾಡಿದರು. ಕೈಮಾತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸನ್ನೆಯೇ ಹೆಸರು. ಅದು ಯಾರದೋ ಹೆಸರು ಎಂದು ಗೊತ್ತಾಯಿತು, ಯಾರದೆಂದು ಹೊಳೆಯಲಿಲ್ಲ. ಕಣ್ಣು ಮುಚ್ಚಿ ಹುಡುಕಿದೆ. ತೆರೆಯುವಷ್ಟರಲ್ಲಿ ಅವರ ಕೈ ಮಡಿಲಿಗೆ ಇಳಿದಿತ್ತು. ಮತ್ತೊಮ್ಮೆ ಹೇಳಿ ಎಂದು ಕೇಳಬೇಕಿತ್ತು. ಆಗಲೇ ಎರಡು ಸಲ ಕೇಳಿಯಾಗಿತ್ತು, ಅಧಿಕಾರಿ ಗಡಿಯಾರ ನೋಡುತ್ತಿದ್ದರು. "ನಾನು ಇನ್ನೇನೂ ಹೇಳುವುದಿಲ್ಲ" ಎಂದೆ. ನಮ್ಮ ಕಸುಬಿನಲ್ಲಿ ಬಾಯಿಯದಾಗಲಿ ಕೈಯದಾಗಲಿ, ಮಾತಾಡುವವರ 'ನಾನು' ನಮ್ಮ 'ನಾನು' ಆಗುತ್ತದೆ. ದೇವಕಜ್ಜಿಯನ್ನು ಕುಂಬ್ರಿಗುಡ್ಡಕ್ಕೆ ಕಳಿಸಿದರು. ಅಲ್ಲಿ ಕೈಮಾತು ಬಲ್ಲವರು ಒಬ್ಬರೂ ಇಲ್ಲ.

ಮರುತಿಂಗಳು ಗುಲಾಬಜ್ಜಿಯ ಸರದಿ. ಅವರೂ ಕಿವುಡರು, ನಲವತ್ತು ವರ್ಷ ದೇವಕಜ್ಜಿಯ ಪಕ್ಕದ ಚಾಪೆಯಲ್ಲಿ ಮೀನು ಹರವಿದವರು. ಇಬ್ಬರನ್ನೂ ಒಂದೇ ಗುಡ್ಡಕ್ಕೆ ಹಾಕಿ ಎಂದು ಇಬ್ಬರೂ ಕೇಳುವುದೆಂದು ಮಾತಾಗಿತ್ತಂತೆ. ಎಡಕಿವಿಯ ಹಾಲೆ ಎಂದರೆ ಗುಲಾಬಜ್ಜಿಯ ಹೆಸರು. ದೇವಕಿ ಕೇಳಲಿಲ್ಲವೇ ಎಂದು ಅವರು ಕೇಳಿದಾಗ ಗುಮಾಸ್ತರು ದಾಖಲೆ ಓದಿದರು: ನಾನು ಇನ್ನೇನೂ ಹೇಳುವುದಿಲ್ಲ. ಯಮುನಕ್ಕ ಅದನ್ನು ಕೈಯಲ್ಲಿ ಹೇಳಿದಳು. ಎದುರುಕುರ್ಚಿಯಲ್ಲಿ ಕೂತಿದ್ದ ನನ್ನನ್ನು ಗುಲಾಬಜ್ಜಿ ದಿಟ್ಟಿಸಿದರು. ದಾಖಲೆಯೇ ತಪ್ಪೆಂದು ತಿಳಿದೂ ನಾನು ತಲೆಯಾಡಿಸಿದೆ. ಅವರನ್ನು ಬೇರೆ ಗುಡ್ಡಕ್ಕೆ ಹಾಕಿದರು. ಗೆಳತಿ ತನ್ನನ್ನು ಬಿಟ್ಟುಹೋದಳು ಎಂದುಕೊಂಡೇ ಅವರು ಈ ಎರಡು ವರ್ಷ ಕಳೆದರು.

ಕಳೆದ ತಿಂಗಳು ಯಮುನಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ. "ನಂಗೆ ಹೇಳಿ ಎಂತ ಆಯ್ತೆ? ಆ ಇಬ್ರಿಗೂ ಹೇಳು. ಕಾಗದ ಬರೀಬೇಡ, ಎದುರು ನಿಂತು ಕೈಯಲ್ಲಿ ಹೇಳು" ಎಂದಳು. ವಿಚಾರಣಾ ಕಚೇರಿಗೂ ತಪ್ಪೊಪ್ಪಿಗೆ ಕೊಟ್ಟೆ. ಹೋಲಿಸಿ ನೋಡಲು ಏನೂ ಇಲ್ಲ ಎಂದು ಉತ್ತರ ಬಂತು. ಬಾಯಿಮಾತಿನ ವಿಚಾರಣೆಯಲ್ಲಿ ಅರ್ಜಿದಾರರ ದನಿಯೂ ದಾಖಲೆಯಲ್ಲಿ ಉಳಿಯುತ್ತದೆ. ಡಬ್ಬಿಯಲ್ಲಿ ಕೂತು ನಾನು ತಪ್ಪಿದ್ದರೆ ಎಂದಾದರೂ ಯಾರಾದರೂ ಕೇಳಿ ತಿದ್ದಬಹುದಿತ್ತು. ಕೈಮಾತಿನಲ್ಲಿ ಉಳಿಯುವುದು ದುಭಾಷಿಯ ದನಿ ಮಾತ್ರ. ದೇವಕಜ್ಜಿ ಆಡಿದ್ದಕ್ಕೆ ದಾಖಲೆಯಲ್ಲಿ ಜಾಗವೇ ಇರಲಿಲ್ಲ. ಎರಡು ಕಸುಬುಗಳ ನಡುವಿನ ವ್ಯತ್ಯಾಸ ಏನೆಂದು ಕೇಳಿದರೆ ಭುಜನೋವು, ಗಂಟಲುನೋವು ಎಲ್ಲ ಬಿಟ್ಟು ಇದನ್ನೇ ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಇನ್ನೂ ಇಂಥ ವಿಚಾರಣೆಗಳ ನಿಯಮಗಳನ್ನು ಬರೆಯುತ್ತಿದ್ದೀರಿ. ದಯವಿಟ್ಟು ಕೈಗಳ ಎದುರಿಗೂ ಒಂದು ಕ್ಯಾಮೆರಾ ಇಡಿ. ದುಭಾಷಿಗಳನ್ನು ನಂಬಬೇಡಿ ಎನ್ನುತ್ತಿಲ್ಲ. ನಾವು ದಣಿಯುತ್ತೇವೆ, ಅಷ್ಟೇ.

ಭಾನುವಾರ ಗುಲಾಬಜ್ಜಿಗೆ ಹೇಳಿದೆ. ಅರ್ಧಕ್ಕೆ ಅವರು ಕಣ್ಣು ಮುಚ್ಚಿಕೊಂಡರು. ಕೈಮಾತಿನಲ್ಲಿ ಹಾಗೆಂದರೆ ನಿನ್ನ ಮಾತು ಸಾಕು ಎಂದರ್ಥ. ನಾನು ಕೈ ಇಳಿಸಿ ನಿಂತೇ ಇದ್ದೆ. ಆಮೇಲೆ ಅವರೇ ಕಣ್ಣು ತೆರೆದು, ಉಳಿದದ್ದನ್ನು ಹೇಳು ಎಂದರು. ಹೇಳಿದೆ. ಅವಳ ಹತ್ತಿರ ಯಾವಾಗ ಹೋಗುತ್ತೀಯ ಎಂದು ಕೇಳಿದರು. ದೇವಕಜ್ಜಿಗೆಂದು ಒಂದು ಮಾತನ್ನೂ ನನ್ನ ಕೈಗೆ ಕೊಡಲಿಲ್ಲ. ಅದು ಸರಿಯೇ.

ಕುಂಬ್ರಿಗುಡ್ಡಕ್ಕೆ ವಾರಕ್ಕೊಂದೇ ಗಾಡಿ. ನಾಳೆ ಬೆಳಿಗ್ಗೆ ಆರೂವರೆಗೆ ಹೊರಡುತ್ತೇನೆ.

ಜೆಸಿಂತಾ ಲೋಪಿಸ್